ಶಾಲೆಯನ್ನು ನೋಡಿ ಬೆಂಗಳೂರಿನಲ್ಲಿ ಮನೆ ಕೊಳ್ಳುವವರಿಗೆ

ಸಣ್ಣ ಮಕ್ಕಳಿರುವ ಕುಟುಂಬವೊಂದು ಬೆಂಗಳೂರಿನಲ್ಲಿ ಮನೆ ಕೊಳ್ಳಲು ಹೊರಟಾಗ ಮೊದಲು ತಿಳಿದಿರಬೇಕಾದ ಸಂಗತಿ ಒಂದಿದೆ: ಇಲ್ಲಿ ಮನೆಯ ವಿಳಾಸವು ಯಾವ ಖಾಸಗಿ ಶಾಲೆಯಲ್ಲೂ ಸೀಟಿನ ಹಕ್ಕನ್ನು ಕೊಡುವುದಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಮನೆ ಯಾವ ಸರಹದ್ದಿನಲ್ಲಿದೆ ಎಂಬುದರ ಮೇಲೆಯೇ ಮಗು ಯಾವ ಸರ್ಕಾರಿ ಶಾಲೆಗೆ ಸೇರಬೇಕೆಂಬುದು ನಿರ್ಧಾರವಾಗುತ್ತದೆ, ಆದ್ದರಿಂದ ಅಲ್ಲಿ ಒಳ್ಳೆಯ ಶಾಲೆಯಿರುವ ಕಡೆ ಹೆಚ್ಚು ಹಣ ಕೊಟ್ಟು ಮನೆ ಕೊಳ್ಳುವುದಕ್ಕೆ ನೇರವಾದ ಅರ್ಥವಿದೆ. ಅಲ್ಲಿ ಕೆಲವು ವರ್ಷ ಇದ್ದು ಮರಳಿ ಬರುವ ನಮ್ಮವರು ಅದೇ ಲೆಕ್ಕವನ್ನು ಇಲ್ಲಿಗೂ ಹಚ್ಚುತ್ತಾರೆ. ಹೆಸರಾಂತ ಶಾಲೆಯ ಗೋಡೆಗೆ ಹೊಂದಿಕೊಂಡಂತಿರುವ ಅಪಾರ್ಟ್‌ಮೆಂಟಿಗೆ ದುಬಾರಿ ಬೆಲೆ ಕೊಟ್ಟು, ಆಮೇಲೆ ಆ ಶಾಲೆಯಲ್ಲಿ ಸೀಟು ಸಿಗದೆ ಮಗುವನ್ನು ಊರಿನ ಇನ್ನೊಂದು ಮೂಲೆಗೆ ಕಳುಹಿಸುವ ಸ್ಥಿತಿಗೆ ಬರುತ್ತಾರೆ. ಖಾಸಗಿ ಶಾಲೆಗಳು ದೂರವನ್ನು ಗಮನಿಸುವುದುಂಟು, ಆದರೆ ಅಣ್ಣ ಅಥವಾ ಅಕ್ಕ ಅಲ್ಲೇ ಓದುತ್ತಿರುವುದು, ಖಾಲಿಯಿರುವ ಸೀಟುಗಳ ಸಂಖ್ಯೆ, ಆಡಳಿತ ಮಂಡಳಿಯ ಒಲವು ಇವೆಲ್ಲ ಅದರ ಜೊತೆಗೇ ಕೆಲಸ ಮಾಡುತ್ತವೆ.

ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳಲ್ಲಿ ನೆರೆಹೊರೆಯ ಮಕ್ಕಳಿಗೆ ಮೀಸಲಾದ ಶೇಕಡ 25ರ ಸೀಟುಗಳನ್ನು ನಂಬಿಕೊಂಡು ಮನೆಯ ಜಾಗವನ್ನು ಆರಿಸುವುದೂ ಸರಿಯಲ್ಲ. 2019-20ನೇ ಸಾಲಿನಿಂದ ಕರ್ನಾಟಕದ ನಿಯಮ ಬದಲಾಗಿದ್ದು, ಸುತ್ತಮುತ್ತ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅಲ್ಲಿನ ಖಾಸಗಿ ಅನುದಾನರಹಿತ ಶಾಲೆಗೆ ಆ ಸೀಟುಗಳ ಹೊಣೆ ಬರುವುದಿಲ್ಲ. ನಗರದೊಳಗೆ ಅಂಥ ಶಾಲೆಯಿಲ್ಲದ ಜಾಗ ವಿರಳ.

ಹಾಗಾದರೆ ಶಾಲೆಯನ್ನು ನೋಡಿ ಮನೆ ಕೊಳ್ಳುವವರು ನಿಜವಾಗಿ ಕೊಳ್ಳುವುದು ಏನನ್ನು? ಮಗುವಿನ ಸಮಯವನ್ನು. ದಿನಕ್ಕೆ ಎರಡು ಗಂಟೆ ಶಾಲಾ ಬಸ್ಸಿನಲ್ಲಿ ಕಳೆಯುವ ಮಗುವಿಗೆ ಆಟ, ನಿದ್ದೆ, ಓದು, ಅಜ್ಜ ಅಜ್ಜಿಯರ ಜೊತೆಗಿನ ಮಾತು ಎಲ್ಲವೂ ಆ ಎರಡು ಗಂಟೆಯಷ್ಟು ಕಡಿಮೆಯಾಗುತ್ತವೆ. ಈ ದೃಷ್ಟಿಯಿಂದ ನೋಡಿದರೆ ಒಂದು ಶಾಲೆಯ ಹೆಸರಿನ ಮೇಲೆ ಮನೆಯನ್ನು ನಿರ್ಧರಿಸುವುದಕ್ಕಿಂತ, ಮಗು ಅರ್ಧ ಗಂಟೆಯೊಳಗೆ ತಲುಪಬಹುದಾದ, ನಿಮಗೆ ಒಪ್ಪಿಗೆಯಾಗುವ ಮೂರು ನಾಲ್ಕು ಶಾಲೆಗಳಿರುವ ಪ್ರದೇಶವನ್ನು ಹುಡುಕುವುದು ಹೆಚ್ಚು ಭದ್ರವಾದ ದಾರಿ. ಒಂದರಲ್ಲಿ ಸೀಟು ಸಿಗದಿದ್ದರೆ ಇನ್ನೊಂದಿರುತ್ತದೆ, ಒಂದರ ಶುಲ್ಕ ಕೈಮೀರಿದರೆ ಮನೆ ಬದಲಿಸದೆ ಶಾಲೆ ಬದಲಿಸಬಹುದು, ಎರಡನೆಯ ಮಗುವಿನ ಸ್ವಭಾವಕ್ಕೆ ಬೇರೆ ಬಗೆಯ ಶಾಲೆ ಬೇಕಾದರೂ ದಾರಿಯಿರುತ್ತದೆ.

ದೂರವನ್ನು ಗಡಿಯಾರದಲ್ಲಿ ಅಳೆಯಿರಿ

ಬಿಲ್ಡರುಗಳ ಜಾಹೀರಾತಿನಲ್ಲಿ ಎಲ್ಲ ಶಾಲೆಗಳೂ ಹತ್ತು ನಿಮಿಷದ ದೂರದಲ್ಲಿರುತ್ತವೆ. ಆ ಹತ್ತು ನಿಮಿಷ ಭಾನುವಾರ ಬೆಳಿಗ್ಗೆಯ ಲೆಕ್ಕವಾಗಿರಬಹುದು. ಮನೆ ತೋರಿಸಲು ಬ್ರೋಕರ್ ಕರೆದೊಯ್ಯುವ ದಿನವನ್ನು ಬಿಟ್ಟು, ಶಾಲೆ ನಡೆಯುತ್ತಿರುವ ವಾರದ ದಿನವೊಂದರಲ್ಲಿ, ಸಾಧ್ಯವಾದರೆ ಜೂನ್ ಅಥವಾ ಜುಲೈನ ಮಳೆಯ ದಿನದಲ್ಲಿ, ಬೆಳಿಗ್ಗೆ ಏಳೂಕಾಲಕ್ಕೆ ಆ ಮನೆಯ ಬಾಗಿಲಿನಿಂದ ಶಾಲೆಯ ಬಾಗಿಲಿನವರೆಗೆ ಒಮ್ಮೆ ಹೋಗಿ ನೋಡಿ. ಮಧ್ಯಾಹ್ನ ಮೂರೂವರೆಗೆ ಶಾಲೆಯಿಂದ ಮನೆಗೂ ಒಮ್ಮೆ ಹಿಂದಿರುಗಿ ಬನ್ನಿ, ಏಕೆಂದರೆ ಏಕಮುಖ ಸಂಚಾರದ ಕಾರಣದಿಂದ ಬರುವ ದಾರಿ ಹೋಗುವ ದಾರಿಗಿಂತ ಬೇರೆಯಾಗಿರಬಹುದು. ಹೊರವರ್ತುಲ ರಸ್ತೆಯನ್ನು ದಾಟಬೇಕೇ, ರೈಲ್ವೆ ಕೆಳಸೇತುವೆಯಿದೆಯೇ, ಸಿಲ್ಕ್ ಬೋರ್ಡಿನಂಥ ಜಂಕ್ಷನ್ ದಾರಿಯಲ್ಲಿ ಬರುತ್ತದೆಯೇ ಎಂಬುದನ್ನು ಬರೆದುಕೊಳ್ಳಿ. ಇಂಥ ಒಂದು ತಡೆಯಿರುವ ಮೂರು ಕಿಲೋಮೀಟರು, ತಡೆಯಿಲ್ಲದ ಆರು ಕಿಲೋಮೀಟರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ.

ಶಾಲಾ ಬಸ್ಸಿನ ವಿಚಾರವನ್ನು ಶಾಲೆಯ ಸಾರಿಗೆ ನೋಡಿಕೊಳ್ಳುವವರ ಬಳಿಯೇ ಕೇಳಬೇಕು. ನೀವು ನೋಡುತ್ತಿರುವ ಮನೆಯ ಸಮೀಪದ ಸ್ಟಾಪ್ ಯಾವುದು, ಅಲ್ಲಿಗೆ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಆ ಮಾರ್ಗದಲ್ಲಿ ಅದು ಎಷ್ಟನೆಯ ಸ್ಟಾಪ್ ಎಂದು ಕೇಳಿದರೆ ನಿಜವಾದ ಚಿತ್ರ ಸಿಗುತ್ತದೆ. ಶಾಲೆಯಿಂದ ನಾಲ್ಕೇ ಕಿಲೋಮೀಟರ್ ದೂರದಲ್ಲಿದ್ದರೂ ಮಾರ್ಗದ ಮೊದಲ ಸ್ಟಾಪಿನಲ್ಲಿ ಹತ್ತುವ ಮಗು ಎಲ್ಲರ ಬಡಾವಣೆಗಳನ್ನೂ ಸುತ್ತಿಕೊಂಡು ಮುಕ್ಕಾಲು ಗಂಟೆಯ ನಂತರ ಶಾಲೆ ತಲುಪುವುದು ಅಪರೂಪವಲ್ಲ. ನಡೆದು ಹೋಗುವಷ್ಟು ಹತ್ತಿರವೆಂದು ಕೊಳ್ಳುವವರು ಪಾದಚಾರಿ ಮಾರ್ಗವು ನಿಜವಾಗಿ ನಡೆಯಲು ಬರುವಂತಿದೆಯೇ ಎಂದು ಎಂಟು ವರ್ಷದ ಮಗುವನ್ನು ಕೈಹಿಡಿದುಕೊಂಡು ನಡೆದೇ ನೋಡಬೇಕು.

ಹತ್ತನೇ ತರಗತಿಯ ನಂತರದ ಎರಡು ವರ್ಷಗಳನ್ನು ಮನೆ ಕೊಳ್ಳುವಾಗ ಬಹಳ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ನಮ್ಮ ರಾಜ್ಯದ ಅನೇಕ ಶಾಲೆಗಳು ಹತ್ತಕ್ಕೆ ಮುಗಿಯುತ್ತವೆ, ಅಲ್ಲಿಂದ ಮಕ್ಕಳು ಪಿಯು ಕಾಲೇಜಿಗೆ ಹೋಗುತ್ತಾರೆ, ಹೆಸರಿರುವ ಹಲವು ಪಿಯು ಕಾಲೇಜುಗಳು ಇರುವುದು ಮಲ್ಲೇಶ್ವರ, ಬಸವನಗುಡಿ, ಜಯನಗರದಂಥ ಹಳೆಯ ಬಡಾವಣೆಗಳಲ್ಲಿ. ಆ ವಯಸ್ಸಿನ ಹುಡುಗ ಹುಡುಗಿಯರು ಒಬ್ಬೊಬ್ಬರೇ ಓಡಾಡಬಲ್ಲರು, ಆದ್ದರಿಂದ ಐದು ವರ್ಷದ ಮಗುವಿಗೆ ಅಷ್ಟಾಗಿ ಬೇಡದ ಮೆಟ್ರೊ ನಿಲ್ದಾಣ ಹದಿನಾರರ ವಯಸ್ಸಿಗೆ ಮನೆಯ ಅತ್ಯಂತ ಬೆಲೆಬಾಳುವ ನೆರೆಯಾಗುತ್ತದೆ. ಹಸಿರು ಮಾರ್ಗವು ಮಾದಾವರದಿಂದ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯವರೆಗೆ ಸಾಗುವಾಗ ಮಲ್ಲೇಶ್ವರದ ಅಂಚು, ನ್ಯಾಷನಲ್ ಕಾಲೇಜು, ಜಯನಗರ, ರಾಷ್ಟ್ರೀಯ ವಿದ್ಯಾಲಯ ರಸ್ತೆ ಇವೆಲ್ಲವನ್ನೂ ಮುಟ್ಟುತ್ತದೆ; ಅದರ ನಿಲ್ದಾಣಗಳ ಹೆಸರುಗಳಲ್ಲೇ ಕಾಲೇಜುಗಳಿವೆ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗಿನ ಹಳದಿ ಮಾರ್ಗವೂ ಆರಂಭವಾದ್ದರಿಂದ ಹೊಸೂರು ರಸ್ತೆಯ ಕಡೆ ಮನೆ ನೋಡುವವರಿಗೂ ಈ ಅನುಕೂಲ ಸಿಕ್ಕಿದೆ.

ಶಾಲೆಯನ್ನು ಪರೀಕ್ಷಿಸುವುದು

ಮನೆಯ ದಾಖಲೆಗಳನ್ನು ವಕೀಲರಿಗೆ ತೋರಿಸುವ ನಾವು ಶಾಲೆಯ ದಾಖಲೆಗಳನ್ನು ಕೇಳಲು ಸಂಕೋಚಪಡುತ್ತೇವೆ. ಸಂಕೋಚ ಬೇಡ. ದೇಶದ ಪ್ರತಿಯೊಂದು ಮಾನ್ಯತೆ ಪಡೆದ ಶಾಲೆಗೂ ಹನ್ನೊಂದು ಅಂಕಿಗಳ ಯು-ಡೈಸ್ ಸಂಖ್ಯೆಯಿದೆ, ಕರ್ನಾಟಕದ ಶಾಲೆಗಳದ್ದು 29ರಿಂದ ಆರಂಭವಾಗುತ್ತದೆ. ಕೇಂದ್ರ ಶಿಕ್ಷಣ ಸಚಿವಾಲಯದ ಯು-ಡೈಸ್ ಜಾಲತಾಣದಲ್ಲಿ ಶಾಲೆಯನ್ನು ಹುಡುಕಿದರೆ ಅದರ ಆಡಳಿತ ಯಾರದ್ದು, ಯಾವ ತರಗತಿಯವರೆಗೆ ನಡೆಯುತ್ತಿದೆ, ಎಷ್ಟು ಮಕ್ಕಳು ಮತ್ತು ಎಷ್ಟು ಶಿಕ್ಷಕರು ಇದ್ದಾರೆ ಎಂಬ ವಿವರ ಸಿಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟರವರೆಗೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರಿರಬೇಕು. ಲಕ್ಷಗಟ್ಟಲೆ ಶುಲ್ಕ ಪಡೆಯುವ ಶಾಲೆಯಲ್ಲಿ ಒಂದು ವಿಭಾಗದಲ್ಲಿ 45 ಮಕ್ಕಳಿದ್ದರೆ, ಈಜುಕೊಳ ಎಷ್ಟು ದೊಡ್ಡದಾಗಿದ್ದರೂ ಒಂದೊಂದು ಮಗುವಿನ ಕಡೆಗೆ ಶಿಕ್ಷಕರ ಗಮನ ಕಡಿಮೆಯೇ.

ಮಾನ್ಯತೆ ಮತ್ತು ಸಂಯೋಜನೆ ಬೇರೆ ಬೇರೆ ಎಂಬುದನ್ನು ಗಮನಿಸಬೇಕು. ಶಾಲೆ ನಡೆಸಲು ರಾಜ್ಯ ಸರ್ಕಾರದ ಶಿಕ್ಷಣ ಇಲಾಖೆಯ ಮಾನ್ಯತೆ ಬೇಕು. ಸಿಬಿಎಸ್‌ಇ ಅಥವಾ ಐಸಿಎಸ್‌ಇ ಪರೀಕ್ಷೆಗೆ ಮಕ್ಕಳನ್ನು ಕೂರಿಸಲು ಆಯಾ ಮಂಡಳಿಯ ಸಂಯೋಜನೆ ಬೇಕು. ಕೆಳಗಿನ ತರಗತಿಗಳಿಗೆ ರಾಜ್ಯದ ಅನುಮತಿಯನ್ನಷ್ಟೇ ಪಡೆದು, ಸಂಯೋಜನೆ ಸಿಗುವ ಮೊದಲೇ ಫಲಕದ ಮೇಲೆ ಸಿಬಿಎಸ್‌ಇ ಎಂದು ಬರೆಸುವ ಶಾಲೆಗಳು ಬೆಂಗಳೂರಿನಲ್ಲಿ ಪೋಷಕರನ್ನು ಬಹಳ ಸಂಕಟಕ್ಕೆ ಸಿಲುಕಿಸಿವೆ. ಸಂಯೋಜನೆಯ ಸಂಖ್ಯೆಯನ್ನು ಮಂಡಳಿಯ ಜಾಲತಾಣದಲ್ಲೇ ಹುಡುಕಿ, ಅಲ್ಲಿರುವ ಶಾಲೆಯ ವಿಳಾಸ ನೀವು ನೋಡಿದ ಆವರಣದ ವಿಳಾಸವೇ ಹೌದೇ ಎಂದು ಹೋಲಿಸಬೇಕು, ಏಕೆಂದರೆ ಒಂದೇ ಹೆಸರಿನ ಹಲವು ಶಾಖೆಗಳಲ್ಲಿ ಒಂದಕ್ಕೆ ಇರುವ ಸಂಯೋಜನೆ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಸಿಬಿಎಸ್‌ಇ ಶಾಲೆಗಳು ತಮ್ಮ ಜಾಲತಾಣದಲ್ಲಿ ಕಡ್ಡಾಯವಾಗಿ ಪ್ರಕಟಿಸಬೇಕಾದ ಮಾಹಿತಿಯಲ್ಲಿ ಕಟ್ಟಡದ ಸುರಕ್ಷತೆ, ಅಗ್ನಿಶಾಮಕ ಪ್ರಮಾಣಪತ್ರ, ಶಿಕ್ಷಕರ ವಿವರ, ಶುಲ್ಕ, ಕಳೆದ ಮೂರು ವರ್ಷಗಳ ಫಲಿತಾಂಶ ಇವೆಲ್ಲ ಸೇರಿವೆ. ರಾಜ್ಯ ಪಠ್ಯಕ್ರಮದ ಶಾಲೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಅಂದರೆ ಬಿಇಒ ಕಚೇರಿಯಲ್ಲಿ, ವಿಚಾರಿಸಬಹುದು.

ಫಲಿತಾಂಶವನ್ನು ಓದುವುದಕ್ಕೂ ಒಂದು ಕ್ರಮವಿದೆ. ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ 100 ಎಂಬ ಫಲಕವನ್ನು ಕಂಡಕೂಡಲೇ ಶಾಲೆ ಉತ್ತಮವೆಂದು ತೀರ್ಮಾನಿಸಬಾರದು. ಈ ವರ್ಷ ಹತ್ತನೇ ತರಗತಿಯ ಪರೀಕ್ಷೆ ಬರೆದವರು ಎಷ್ಟು ಜನ, ಎರಡು ವರ್ಷಗಳ ಹಿಂದೆ ಎಂಟನೇ ತರಗತಿಯಲ್ಲಿದ್ದ ಅದೇ ಮಕ್ಕಳು ಎಷ್ಟು ಜನ ಎಂದು ಕೇಳಿ ಹೋಲಿಸಿ. ಎಂಟರಲ್ಲಿ 120 ಮಕ್ಕಳಿದ್ದು ಹತ್ತರಲ್ಲಿ 90 ಮಾತ್ರ ಉಳಿದಿದ್ದರೆ, ಆ 30 ಮಕ್ಕಳು ಎಲ್ಲಿಗೆ ಹೋದರು ಎಂಬುದೇ ಶಾಲೆಯ ಬಗ್ಗೆ ಕೇಳಬೇಕಾದ ನಿಜವಾದ ಪ್ರಶ್ನೆ. ವರ್ಗಾವಣೆ, ಊರು ಬದಲಾವಣೆ ಮುಂತಾದ ಕಾರಣಗಳು ಇರುತ್ತವೆ. ಆದರೆ ಓದಿನಲ್ಲಿ ಹಿಂದಿರುವ ಮಗುವಿಗೆ ಒಂಬತ್ತನೇ ತರಗತಿಯಲ್ಲಿ ಟಿ.ಸಿ. ಕೊಟ್ಟು ಕಳುಹಿಸಿ ಫಲಿತಾಂಶವನ್ನು ಹೊಳಪಿಸಿಕೊಳ್ಳುವ ಶಾಲೆಯ ಪಕ್ಕದಲ್ಲಿ ಇಪ್ಪತ್ತು ವರ್ಷದ ಸಾಲ ಮಾಡಿ ಮನೆ ಕೊಳ್ಳುವುದು ಯಾವ ಕುಟುಂಬಕ್ಕೂ ಬೇಡ. ಯು-ಡೈಸ್ ವರದಿಯಲ್ಲಿ ತರಗತಿವಾರು ಸಂಖ್ಯೆ ಇರುವುದರಿಂದ ಬೇರೆ ಬೇರೆ ವರ್ಷಗಳ ವರದಿಗಳನ್ನು ಎದುರುಬದುರು ಇಟ್ಟರೆ ಈ ಹೋಲಿಕೆಯನ್ನು ಯಾರನ್ನೂ ಕೇಳದೆ ಮಾಡಬಹುದು.

ಅಂಕಿಗಳು ಹೇಳದಿರುವುದನ್ನು ಶಾಲೆ ಬಿಡುವ ಹೊತ್ತಿಗೆ ಗೇಟಿನ ಬಳಿ ನಿಂತು ತಿಳಿಯಬೇಕು. ಮಕ್ಕಳನ್ನು ಕರೆದೊಯ್ಯಲು ಬಂದ ತಂದೆ ತಾಯಂದಿರನ್ನು, ಅಜ್ಜಂದಿರನ್ನು, ಆಟೊ ಚಾಲಕರನ್ನು ಮಾತನಾಡಿಸಿದರೆ, ಈ ವರ್ಷ ಎಷ್ಟು ಜನ ಶಿಕ್ಷಕರು ಬಿಟ್ಟುಹೋದರು, ಶುಲ್ಕ ಎಷ್ಟು ಏರಿತು, ಪೆಟ್ಟು ಬೈಗುಳ ಇದೆಯೇ ಎಂಬ ಉತ್ತರಗಳು ಸಿಗುತ್ತವೆ. ಅದೇ ಬಡಾವಣೆಯಲ್ಲಿ ಪರಿಚಯದವರಿದ್ದರೆ ಅವರ ನಾಲ್ಕನೇ ತರಗತಿಯ ಮಗುವಿನ ನೋಟ್‌ಪುಸ್ತಕವನ್ನು ಕೇಳಿ ನೋಡಿ: ಮಗು ತನ್ನದೇ ವಾಕ್ಯಗಳಲ್ಲಿ ಬರೆದಿದೆಯೇ ಅಥವಾ ಕಪ್ಪುಹಲಗೆಯಲ್ಲಿದ್ದುದನ್ನು ನಕಲು ಮಾಡಿದೆಯೇ, ತಪ್ಪುಗಳನ್ನು ಶಿಕ್ಷಕರು ತಿದ್ದಿದ್ದಾರೆಯೇ ಅಥವಾ ಬರೀ ಗೆರೆ ಎಳೆದು ಸಹಿ ಮಾಡಿದ್ದಾರೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಶಾಲೆಯ ಗುಣಮಟ್ಟವನ್ನು ತಿಳಿಯಲು ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ನನಗೆ ಗೊತ್ತಿಲ್ಲ. ಕನ್ನಡವನ್ನು ಯಾರು ಕಲಿಸುತ್ತಾರೆ ಎಂದೂ ಕೇಳಿ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದಂತೆ ರಾಜ್ಯದ ಶಾಲೆಗಳು ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಕಲಿಸಬೇಕು. ವಾರಕ್ಕೆ ಎಷ್ಟು ತರಗತಿ, ಶಿಕ್ಷಕರು ಕನ್ನಡದಲ್ಲೇ ತರಬೇತಿ ಪಡೆದವರೇ ಎಂಬುದರಿಂದ ಶಾಲೆಯು ಕಾನೂನನ್ನು ಎಷ್ಟು ಮನಸ್ಸಿಟ್ಟು ಪಾಲಿಸುತ್ತಿದೆ ಎಂದು ಗೊತ್ತಾಗುತ್ತದೆ.

ಹಳೆಯ ಬಡಾವಣೆ, ಹೊಸ ಬಡಾವಣೆ

ಬಸವನಗುಡಿ ಮತ್ತು ಮಲ್ಲೇಶ್ವರ 1898ರ ಪ್ಲೇಗಿನ ನಂತರ ಬೆಳೆದ ಬಡಾವಣೆಗಳು. ಅಲ್ಲಿ ವಿದ್ಯಾಸಂಸ್ಥೆಗಳೂ ಮನೆಗಳೂ ಜೊತೆಜೊತೆಯಾಗಿ ಬೆಳೆದವು. ಬಸವನಗುಡಿಯ ನ್ಯಾಷನಲ್ ಹೈಸ್ಕೂಲು 1917ರಷ್ಟು ಹಿಂದಿನದು. ಇಂಥ ಕಡೆ ನಡೆಯುವ ದೂರದಲ್ಲೇ ಅನುದಾನಿತ, ಅನುದಾನರಹಿತ, ಸರ್ಕಾರಿ ಶಾಲೆಗಳೆಲ್ಲ ಇವೆ, ಗ್ರಂಥಾಲಯವಿದೆ, ಉದ್ಯಾನವಿದೆ, ಆದರೆ ಮನೆ ಚಿಕ್ಕದು, ಬೆಲೆ ದೊಡ್ಡದು. ಸರ್ಜಾಪುರ ರಸ್ತೆ, ಹೆಣ್ಣೂರು, ಥಣಿಸಂದ್ರ, ವೈಟ್‌ಫೀಲ್ಡ್ ಕಡೆ ವಿಶಾಲವಾದ ಆವರಣಗಳ ಖಾಸಗಿ ಶಾಲೆಗಳು ಬಂದಿವೆ, ಮನೆಗಳೂ ಹೊಸತು, ಆದರೆ ರಸ್ತೆಗಳು ಅದೇ ವೇಗದಲ್ಲಿ ಬೆಳೆಯಲಿಲ್ಲ. ಕಡಿಮೆ ಶುಲ್ಕದ ಒಳ್ಳೆಯ ಶಾಲೆ ಅಲ್ಲಿ ಸಿಗುವುದು ಕಷ್ಟ. ಎರಡು ಮಕ್ಕಳಿರುವ ಮಧ್ಯಮ ವರ್ಗದ ಕುಟುಂಬಕ್ಕೆ, ಹೊಸ ಬಡಾವಣೆಯ ಮೂರು ಕೋಣೆಯ ಮನೆಗಿಂತ ವಿಜಯನಗರ, ರಾಜಾಜಿನಗರ, ಬನಶಂಕರಿಯಂಥ ಕಡೆ ಎರಡು ಕೋಣೆಯ ಹಳೆಯ ಮನೆಯೇ ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಸರ್ಕಾರಿ ಶಾಲೆಯನ್ನು ನೋಡದೆಯೇ ಪಟ್ಟಿಯಿಂದ ಹೊಡೆದುಹಾಕುವುದೂ ತಪ್ಪು. ಎಲ್‌ಕೆಜಿಯಿಂದ ಪಿಯುಸಿಯವರೆಗೆ ಒಂದೇ ಆವರಣದಲ್ಲಿ ಕಲಿಸುವ ಕರ್ನಾಟಕ ಪಬ್ಲಿಕ್ ಶಾಲೆಗಳಿವೆ, 2019ರಿಂದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಆರಂಭವಾದವು. ಅಲ್ಲಿನ ಶಿಕ್ಷಕರು ಸ್ಪರ್ಧಾತ್ಮಕ ಪರೀಕ್ಷೆ ಬರೆದು ಆಯ್ಕೆಯಾದವರು. ಮುಖ್ಯ ಶಿಕ್ಷಕರನ್ನು ಒಮ್ಮೆ ಭೇಟಿ ಮಾಡಿದರೆ, ಎಷ್ಟು ಹುದ್ದೆ ಖಾಲಿಯಿದೆ, ಅತಿಥಿ ಶಿಕ್ಷಕರು ಎಷ್ಟು ಜನ ಎಂಬುದು ತಿಳಿಯುತ್ತದೆ. ಕೇಂದ್ರೀಯ ವಿದ್ಯಾಲಯದ ಪಕ್ಕದಲ್ಲಿ ಮನೆ ಕೊಳ್ಳುವವರು ಮಾತ್ರ ಎಚ್ಚರವಾಗಿರಬೇಕು, ಏಕೆಂದರೆ ಅಲ್ಲಿ ಮೊದಲ ಆದ್ಯತೆ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆ.

ಹೊಸ ಬಡಾವಣೆಯ ನಕ್ಷೆಯಲ್ಲಿ ಶಾಲೆಗೆಂದು ಗುರುತಿಸಿದ ಜಾಗವನ್ನು ತೋರಿಸಿ ಮಾರುವುದುಂಟು. ನಾಗರಿಕ ಸೌಲಭ್ಯದ ನಿವೇಶನ, ಅಂದರೆ ಸಿ.ಎ. ಸೈಟು, ನಕ್ಷೆಯಲ್ಲಿ ಇರುವುದೇ ಶಾಲೆ ಬರುವುದರ ಭರವಸೆಯಲ್ಲ. ಅದು ಯಾವ ಸಂಸ್ಥೆಗೆ ಹಂಚಿಕೆಯಾಗಿದೆ ಎಂಬ ಆದೇಶ ಕೇಳಿ. ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 12ನೇ ಕಲಮಿನಂತೆ ಸುಳ್ಳು ಜಾಹೀರಾತನ್ನು ನಂಬಿ ಹಣ ಕೊಟ್ಟು ನಷ್ಟಕ್ಕೊಳಗಾದವರಿಗೆ ಪರಿಹಾರ ಕೇಳುವ ಹಕ್ಕಿದೆ, ಆದ್ದರಿಂದ ಶಾಲೆಯ ಮಾತಿರುವ ಕರಪತ್ರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಆದರೆ ಇಲ್ಲದ ಶಾಲೆಗಾಗಿ ಈಗಲೇ ಬೆಲೆ ಕೊಡಬೇಡಿ.

ಹಣದ ಲೆಕ್ಕ

ಮನೆಯ ಕಂತು ಮತ್ತು ಶಾಲೆಯ ಶುಲ್ಕ ಒಂದೇ ಸಂಬಳದಿಂದ ಹೋಗುವುದರಿಂದ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕು. ಉದಾಹರಣೆಗೆ, ಶಾಲೆಗೆ ಹತ್ತಿರದ ಮನೆ 1.2 ಕೋಟಿ, ದೂರದ ಮನೆ 90 ಲಕ್ಷ ಎಂದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 75 ಲಕ್ಷಕ್ಕಿಂತ ಹೆಚ್ಚಿನ ಗೃಹಸಾಲದಲ್ಲಿ ಮನೆಯ ಮೌಲ್ಯದ ಶೇಕಡ 75ರಷ್ಟು ಮಾತ್ರ ಸಾಲ ಸಿಗುತ್ತದೆ. ಎರಡಕ್ಕೂ ಅಷ್ಟೇ ಪಾಲು ಸಾಲ ತೆಗೆದರೆ ಮೊದಲನೆಯದಕ್ಕೆ 90 ಲಕ್ಷ, ಎರಡನೆಯದಕ್ಕೆ 67.5 ಲಕ್ಷ. ಶೇಕಡ 8.5ರ ಬಡ್ಡಿಯಲ್ಲಿ, 20 ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 78,100 ಮತ್ತು 58,600 ರೂಪಾಯಿ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡ 2 ಆಗಿದ್ದು, ಶೇಕಡ 5ರ ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್ ಸೇರಿಸಿದರೆ ನಗರದಲ್ಲಿ ಒಟ್ಟು ಶೇಕಡ 7.6ರಷ್ಟಾಗುತ್ತದೆ. ಇದು ಸಾಮಾನ್ಯವಾಗಿ ಸಾಲದಲ್ಲಿ ಬರುವುದಿಲ್ಲ, ಕೈಯಿಂದಲೇ ಕಟ್ಟಬೇಕು. ಹೀಗೆ ಮೊದಲ ಮನೆಗೆ ಸುಮಾರು 39 ಲಕ್ಷ, ಎರಡನೆಯದಕ್ಕೆ 29 ಲಕ್ಷ ಸ್ವಂತ ಹಣ ಬೇಕಾಗುತ್ತದೆ.

ಈಗ ಶುಲ್ಕವನ್ನು ಸೇರಿಸಿ. ಇಂದು ವರ್ಷಕ್ಕೆ 1.5 ಲಕ್ಷವಿರುವ ಶುಲ್ಕ ವರ್ಷಕ್ಕೆ ಶೇಕಡ 10ರಂತೆ ಏರಿದರೆ ಏಳೆಂಟು ವರ್ಷದಲ್ಲಿ 3 ಲಕ್ಷವಾಗುತ್ತದೆ. ಇಬ್ಬರು ಮಕ್ಕಳಿದ್ದರೆ ಆಗ ತಿಂಗಳಿಗೆ 50,000. ದುಬಾರಿ ಮನೆಯ ಪಕ್ಕದಲ್ಲಿ ಕಡಿಮೆ ಶುಲ್ಕದ ಒಳ್ಳೆಯ ಅನುದಾನಿತ ಶಾಲೆಯಿದ್ದು ಮಕ್ಕಳು ನಡೆದು ಹೋಗುವಂತಿದ್ದರೆ, ಕಂತಿನ ವ್ಯತ್ಯಾಸವಾದ 19,500 ರೂಪಾಯಿ ಶುಲ್ಕದಲ್ಲೂ ಬಸ್ಸಿನ ಹಣದಲ್ಲೂ ಮರಳಿ ಬರುತ್ತದೆ. ದುಬಾರಿ ಮನೆಯೂ ದುಬಾರಿ ಶಾಲೆಯೂ ಒಟ್ಟಿಗೆ ಬಂದರೆ ಸಂಸಾರದ ಮೇಲೆ ಬೀಳುವ ಭಾರವನ್ನು ಮಕ್ಕಳೂ ಹೊರಬೇಕಾಗುತ್ತದೆ.

ತಪ್ಪಾದ ಮನೆಯನ್ನು ಮಾರಿ ಇನ್ನೊಂದನ್ನು ಕೊಂಡರೆ ಆ ಶೇಕಡ 7.6ನ್ನು ಮತ್ತೊಮ್ಮೆ ಕಟ್ಟಬೇಕು. ಆದ್ದರಿಂದ ಸಾಧ್ಯವಿದ್ದವರು ಆ ಬಡಾವಣೆಯಲ್ಲಿ ಹನ್ನೊಂದು ತಿಂಗಳ ಕರಾರಿಗೆ ಬಾಡಿಗೆ ಮನೆ ಹಿಡಿದು, ಮಗುವನ್ನು ಶಾಲೆಗೆ ಸೇರಿಸಿ, ಒಂದು ಶೈಕ್ಷಣಿಕ ವರ್ಷ ಕಳೆದ ಮೇಲೆ ಕೊಳ್ಳುವುದು ಬಹಳ ಒಳ್ಳೆಯದು. ಮನೆಯ ಇ-ಖಾತಾ, ಋಣಭಾರ ಪ್ರಮಾಣಪತ್ರ, ಅಪಾರ್ಟ್‌ಮೆಂಟಾದರೆ ಓ.ಸಿ. (ಕಟ್ಟಡ ವಾಸಕ್ಕೆ ಯೋಗ್ಯವೆಂಬ ಪ್ರಮಾಣಪತ್ರ) ಮತ್ತು ರೇರಾ ಸಂಖ್ಯೆ ಇವನ್ನು ವಕೀಲರಿಂದ ನೋಡಿಸಲು ಆ ಅವಧಿಯಲ್ಲಿ ಬೇಕಾದಷ್ಟು ಸಮಯವಿರುತ್ತದೆ.

ಯಾವಾಗ ಕೊಳ್ಳಬೇಕು

ಹಲವು ಖಾಸಗಿ ಶಾಲೆಗಳು ಮುಂದಿನ ಜೂನ್‌ನ ದಾಖಲಾತಿಗೆ ಹಿಂದಿನ ವರ್ಷದ ಅಕ್ಟೋಬರ್, ನವೆಂಬರ್ ಹೊತ್ತಿಗೇ ಅರ್ಜಿ ಕರೆಯುತ್ತವೆ. ಒಂದನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವಿದ್ದು, 2025-26ನೇ ಸಾಲಿಗೆ ಅದನ್ನು 5 ವರ್ಷ 5 ತಿಂಗಳಿಗೆ ಸಡಿಲಿಸಲಾಗಿತ್ತು. ನಿಮ್ಮ ಮಗುವಿನ ಸಾಲಿಗೆ ಯಾವ ಆದೇಶ ಅನ್ವಯಿಸುತ್ತದೆ ಎಂದು ನೋಡಿಕೊಂಡು ವರ್ಷವನ್ನು ಲೆಕ್ಕಹಾಕಿ. ಅರ್ಜಿ ಮೊದಲು, ಸೀಟು ಖಚಿತವಾದ ಮೇಲೆ ಮನೆಗೆ ಮುಂಗಡ ಎಂಬ ಕ್ರಮವನ್ನು ಬಿಡಬೇಡಿ. ಕ್ರಯದ ಕರಾರಿಗೆ ಸಹಿ ಹಾಕಿದ ಮೇಲೆ ಶಾಲೆ ಹುಡುಕುವವರಿಗೆ ಸಿಕ್ಕಿದ್ದೇ ಶಾಲೆ.

ಈಗಾಗಲೇ ಓದುತ್ತಿರುವ ಮಕ್ಕಳಿದ್ದರೆ, ಶಾಲೆ ಬದಲಿಸಲು ಐದನೇ ತರಗತಿ ಮುಗಿದಾಗ ಅಥವಾ ಎಂಟು ಮುಗಿದಾಗ ಅನುಕೂಲ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಮನೆ ಬದಲಿಸಬೇಡಿ. ಸಿಬಿಎಸ್‌ಇಯಲ್ಲಿ ವಿದ್ಯಾರ್ಥಿಯ ನೋಂದಣಿ ಒಂಬತ್ತರಲ್ಲೇ ಆಗುವುದರಿಂದ ನೇರವಾಗಿ ಹತ್ತಕ್ಕೆ ಸೇರಲು ಪೋಷಕರ ವರ್ಗಾವಣೆಯಂಥ ವಿಶೇಷ ಕಾರಣ ಬೇಕು. ಬಿಲ್ಡರು ಕೊಡುವ ಹಸ್ತಾಂತರದ ದಿನಾಂಕಕ್ಕೆ ಕನಿಷ್ಠ ಒಂದು ವರ್ಷ ಸೇರಿಸಿ ಲೆಕ್ಕಹಾಕಬೇಕು. ಆ ಲೆಕ್ಕದಲ್ಲಿ ಮಗು ಒಂಬತ್ತನೇ ಅಥವಾ ಹತ್ತನೇ ತರಗತಿಯಲ್ಲಿರುತ್ತದೆ ಎಂದಾದರೆ ಕಟ್ಟುತ್ತಿರುವ ಮನೆಯನ್ನು ಬಿಟ್ಟು, ಓ.ಸಿ. ಬಂದಿರುವ ಮನೆಯನ್ನೇ ನೋಡಿ ಏಪ್ರಿಲ್‌ನಲ್ಲಿ ನೋಂದಣಿ ಮುಗಿಸಿಕೊಂಡು ಶಾಲೆ ತೆರೆಯುವ ಮೊದಲು ಸೇರಿಕೊಳ್ಳಿ.